ರೀಸ್ಟಾರ್ಟ್ ಮಾಡೋ ಮುಂಚೆ ಒಂದು ನಿಮಿಷ

2021ರ ಜನವರಿ 14, ಸಂಕ್ರಾಂತಿ. ಮಧ್ಯಾಹ್ನ 1 ಗಂಟೆ 55 ನಿಮಿಷ 36 ಸೆಕೆಂಡ್. ನಮ್ಮ ಮನೆಗಳಲ್ಲಿ ಹಬ್ಬದೂಟದ ಹೊತ್ತು. ಆ ಕ್ಷಣ ದಾಟಿದ ಮೇಲೆ, ಓಪನ್‌ಎಎಫ್‌ಎಸ್ ತಂತ್ರಾಂಶದ 1.8 ಸರಣಿಯನ್ನು ಹೊಸದಾಗಿ ಶುರು ಮಾಡಿದ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಲ್ಲಿ ಸರಿಯಾಗಿ ಮಾತಾಡೋದನ್ನೇ ನಿಲ್ಲಿಸಿದವು. ವಿಚಿತ್ರ ಏನಂದ್ರೆ, ಅದಕ್ಕೂ ಮುಂಚೆಯೇ ಓಡ್ತಾ ಇದ್ದ ಮಷಿನ್‌ಗಳು ಆರಾಮಾಗಿದ್ದವು.

“ಕೆಟ್ಟಿದ್ಯಾ? ಒಂದ್ಸಲ ರೀಸ್ಟಾರ್ಟ್ ಮಾಡು” ಅನ್ನೋದು ನಮ್ಮ ಕಸುಬಿನ ಮನೆಮದ್ದು. ಆವತ್ತು ಆ ಮದ್ದಿನಿಂದಲೇ ಕಾಯಿಲೆ ಬಂತು.

ಎಎಫ್‌ಎಸ್ ಅಂದ್ರೆ ಏನು ಅಂತ ಚಿಕ್ಕದಾಗಿ ಹೇಳ್ತೀನಿ. ಫೈಲ್‌ಗಳು ಹತ್ತಾರು ಸರ್ವರ್‌ಗಳಲ್ಲಿ ಹಂಚಿಹೋಗಿದ್ದರೂ ನಿಮ್ಮ ಕಣ್ಣಿಗೆ ಒಂದೇ ದೊಡ್ಡ ಫೋಲ್ಡರ್ ಕಾಣಿಸುತ್ತೆ. ಯಾವ ಫೈಲ್ ಯಾವ ಸರ್ವರ್‌ನಲ್ಲಿದೆ ಅನ್ನೋ ತಲೆನೋವು ನಿಮಗಿಲ್ಲ. 1980ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಐಬಿಎಂ ಜೊತೆ ಸೇರಿ ಇದನ್ನು ಕಟ್ಟಿತು. 2000ದಲ್ಲಿ ಐಬಿಎಂ ಇದರ ಕೋಡ್ ಅನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಅದೇ ಓಪನ್‌ಎಎಫ್‌ಎಸ್.

ಹಾಗಾದ್ರೆ ಆ ಮಧ್ಯಾಹ್ನ ಆಗಿದ್ದೇನು? ಇದರಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ನಂಬರ್ ಇರುತ್ತೆ. ಮೊದಲ ನಂಬರ್ ಹುಟ್ಟೋದು ಪ್ರೋಗ್ರಾಂ ಶುರುವಾದ ಸಮಯದಿಂದ. ಕಂಪ್ಯೂಟರ್ 1970ರಿಂದ ಸೆಕೆಂಡ್ ಎಣಿಸುತ್ತಾ ಬಂದಿದೆ. ಆ ಕ್ಷಣಕ್ಕೆ ಎಣಿಕೆ 161,06,12,736 ಮುಟ್ಟಿತು. ಅದರಿಂದ ಹುಟ್ಟುವ ನಂಬರ್ ತನ್ನ ಮಿತಿ ದಾಟಿತು. ಮಿತಿ ದಾಟಿದರೆ ಏನು ಮಾಡಬೇಕು ಅಂತ ಬರೆದ ಕೋಡ್‌ನಲ್ಲೇ ದೋಷ ಇತ್ತು. ಹಾಗಾಗಿ ಹೊಸ ಸಂಪರ್ಕಗಳಿಗೆಲ್ಲ ಒಂದೇ ನಂಬರ್ ಬರತೊಡಗಿತು. ದರ್ಶಿನಿಯಲ್ಲಿ ಹತ್ತು ಜನಕ್ಕೂ ಒಂದೇ ಟೋಕನ್ ಕೊಟ್ಟರೆ ಯಾರ ದೋಸೆ ಯಾರಿಗೆ? ಹಾಗಾಯ್ತು.

ಸರಿಪಡಿಸಿದ 1.8.7 ಆವೃತ್ತಿ ಬೇಗನೆ ಬಂತು. ಆದರೆ ಅದು ಕೈಗೆ ಸಿಗೋವರೆಗೆ ಉಳಿದ ದಾರಿ ಒಂದೇ: ಓಡ್ತಾ ಇರೋದನ್ನ ಮುಟ್ಟಬೇಡಿ. ಅನುಮಾನ ಬಂದ ಕೂಡಲೇ ಹತ್ತೂ ಸರ್ವರ್ ರೀಸ್ಟಾರ್ಟ್ ಮಾಡಿದ್ರೆ ಹತ್ತೂ ಹೋದ ಹಾಗೆ. ಒಂದನ್ನೇ ಮಾಡಿ ನೋಡಿದ್ರೆ ಹೋಗೋದು ಒಂದೇ, ಕಾರಣದ ಸುಳಿವೂ ಸಿಗುತ್ತೆ.

ಎಎಫ್‌ಎಸ್ ಸರ್ವರ್ ಅಪ್‌ಗ್ರೇಡ್ ಮಾಡೋ ಒಳ್ಳೆ ಕ್ರಮದಲ್ಲಿರೋದೂ ಇದೇ ತಾಳ್ಮೆ. ಇಲ್ಲಿ ಫೈಲ್‌ಗಳು ‘ವಾಲ್ಯೂಮ್’ ಅನ್ನೋ ಗಂಟುಗಳಲ್ಲಿರುತ್ತವೆ. ‘ವೋಸ್ ಮೂವ್’ ಅನ್ನೋ ಆದೇಶ ಕೊಟ್ಟರೆ, ಜನ ಕೆಲಸ ಮಾಡ್ತಾ ಇರೋವಾಗಲೇ ಗಂಟು ಪಕ್ಕದ ಸರ್ವರ್‌ಗೆ ಹೋಗುತ್ತೆ. ಹೊಸ ವಿಳಾಸವನ್ನು ಕ್ಲೈಂಟ್ ತಾನೇ ಕೇಳಿ ತಿಳ್ಕೊಳ್ಳುತ್ತೆ. ಹೀಗೆ ಒಂದು ಸರ್ವರ್ ಖಾಲಿ ಮಾಡಿ, ಅಪ್‌ಗ್ರೇಡ್ ಮಾಡಿ, ಪರೀಕ್ಷಿಸಿ, ಆಮೇಲೆ ತುಂಬಿ. ನಂತರ ಮುಂದಿನದು.

ಆ ವಿಳಾಸಗಳನ್ನು ಇಟ್ಟುಕೊಳ್ಳೋ ಡೇಟಾಬೇಸ್ ಸರ್ವರ್‌ಗಳು ಸಾಮಾನ್ಯವಾಗಿ ಮೂರು. ಅವು ಮತ ಹಾಕಿ ಒಬ್ಬ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತವೆ. ಬಹುಮತ ಇಲ್ಲದಿದ್ದರೆ ಹೊಸದೇನನ್ನೂ ಬರೆಯಲಾಗದು. ಒಟ್ಟಿಗೆ ಎರಡನ್ನು ಇಳಿಸಿದ್ರೆ ಪಂಚಾಯಿತಿ ಕೋರಂ ಇಲ್ಲದೆ ನಿಂತಂತೆ. ಒಂದನ್ನು ಮುಗಿಸಿದ ಮೇಲೆ ‘ಯುಡೀಬಗ್’ ಓಡಿಸಿ. ಮುಖ್ಯಸ್ಥನ ರಿಕವರಿ ಸ್ಥಿತಿ ‘1ಎಫ್’ ಅಂತ ತೋರಿಸಿದ್ರೆ ಮಾತ್ರ ಮುಂದಿನದಕ್ಕೆ ಕೈ ಹಾಕಿ.

ಏನಾದ್ರೂ ಕೆಟ್ಟಾಗ ನಾನು ಪಾಲಿಸೋ ಕ್ರಮ ಇಷ್ಟೇ. ಮೊದಲು, ತೊಂದರೆ ಒಬ್ಬರಿಗೋ ಎಲ್ಲರಿಗೋ ಅಂತ ಕೇಳೋದು. ಆಮೇಲೆ ಗಡಿಯಾರ. ಸರ್ವರ್‌ಗಳ ಸಮಯ ಒಂದಕ್ಕೊಂದು ತಾಳೆಯಾಗದಿದ್ರೆ ಮತದಾನವೂ ಕೆಡುತ್ತೆ, ಲಾಗಿನ್ನೂ ಕೆಡುತ್ತೆ. ‘ಬಾಸ್ ಸ್ಟೇಟಸ್’ ಹೇಳಿ ಯಾವ ಪ್ರೋಗ್ರಾಂ ಬಿದ್ದಿದೆ ನೋಡೋದು. ಕೊನೆಗೆ ಲಾಗ್ ಓದಿ, ನಕಲು ತೆಗೆದಿಡೋದು. ರೀಸ್ಟಾರ್ಟ್ ಮಾಡಿದ ಕೂಡಲೇ ಮೆಮೊರಿಯಲ್ಲಿದ್ದ ಸುಳಿವು ಅಳಿಸಿಹೋಗುತ್ತೆ. ಕಾಯಿಲೆ ವಾಸಿಯಾದ್ರೂ ಯಾಕೆ ಬಂದಿತ್ತು ಅಂತ ಗೊತ್ತಾಗಲ್ಲ, ಮುಂದಿನ ವಾರ ರಾತ್ರಿ ಮೂರಕ್ಕೆ ಮತ್ತೆ ಫೋನ್ ಬರುತ್ತೆ.

ಮ್ಯಾನೇಜರ್ “ಇನ್ನೂ ಯಾಕೆ ರೀಸ್ಟಾರ್ಟ್ ಮಾಡಿಲ್ಲ?” ಅಂತ ಕಾಲ್‌ನಲ್ಲಿ ಕೂಗ್ತಿರುವಾಗ ಸುಮ್ಮನೆ ಕೂತು ಲಾಗ್ ಓದೋದು ಸುಲಭವಲ್ಲ, ನಿಜ. ಆದರೆ ಆ ಫೋಲ್ಡರ್‌ನಲ್ಲಿ ಯಾರದೋ ನಾಲ್ಕು ವರ್ಷದ ಪಿಎಚ್‌ಡಿ ಕೆಲಸ ಇರಬಹುದು. “ಐದು ನಿಮಿಷ ಕೊಡಿ ಸರ್, ಒಂದು ಮಷಿನ್ ಮೇಲೆ ಮೊದಲು ನೋಡ್ತೀನಿ” ಅಂತ ಗಟ್ಟಿಯಾಗಿ ಹೇಳೋದೂ ನಮ್ಮ ಕೆಲಸವೇ. ಆ ಐದು ನಿಮಿಷ ಕೇಳೋಕೆ ಸಂಕೋಚ ಬೇಡ.