ಪ್ಲಾಸ್ಟಿಕ್ ಹರಿಯದ ಪತ್ತೇದಾರರು

ಮೊನ್ನೆ ಭಾನುವಾರ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಹತ್ತು ವರ್ಷ ಅಮೆರಿಕದಲ್ಲಿದ್ದು ವಾಪಸ್ ಬಂದವನು. ಹೊರಗೆ ಧೋ ಅಂತ ಮಳೆ, ಕರೆಂಟು ಬೇರೆ ಹೋಗಿತ್ತು. ಮನೆಯಲ್ಲಿ ಮಕ್ಕಳೂ ಸೇರಿ ಸರಿಯಾಗಿ ಆರು ಜನ. ಷೋಕೇಸಿನಲ್ಲಿ ‘ಕ್ಲೂ’ ಆಟದ ಸಿಂಪ್ಸನ್ಸ್ ಆವೃತ್ತಿಯ ಡಬ್ಬಿ ಕಾಣಿಸಿತು. ಅದನ್ನ ಇಳಿಸು, ಮೇಣದಬತ್ತಿ ಹಚ್ಚಿಕೊಂಡು ಆಡೋಣ ಅಂದೆ. ಅವನ ಮುಖ ನೋಡಬೇಕಿತ್ತು! ದೇವರ ಪೆಟ್ಟಿಗೆಗೆ ಕಾಲು ತಾಗಿಸಿದೆನೇನೋ ಅನ್ನುವ ಹಾಗೆ ಗಾಬರಿಯಾಗಿ, “ಏ, ಅದು ಆಡೋದಕ್ಕಲ್ಲ ಮಾರಾಯ, ಕಲೆಕ್ಟಿಬಲ್. ಸೀಲ್ ಕೂಡ ಒಡೆದಿಲ್ಲ” ಅಂದ.

ಆವತ್ತಿನಿಂದ ತಲೆಯಲ್ಲಿ ಕೊರೀತಾ ಇದೆ. ಇಲ್ಲಿ ಕಕ್ಕಿಬಿಡ್ತೀನಿ, ಸಹಿಸಿಕೊಳ್ಳಿ :)

ಗೊತ್ತಿಲ್ಲದವರಿಗೆ ಮೊದಲು ಆಟದ ಬಗ್ಗೆ ಎರಡು ಮಾತು. ‘ಕ್ಲೂ’ ಅಂದರೆ ಕೊಲೆ ಪತ್ತೆ ಹಚ್ಚುವ ಬೋರ್ಡ್ ಗೇಮು. ಬ್ರಿಟನ್ನಿನಲ್ಲಿ ಇದರ ಹೆಸರು ‘ಕ್ಲೂಡೋ’. ಆರು ಶಂಕಿತರು, ಆರು ಆಯುಧಗಳು, ಒಂಬತ್ತು ಜಾಗಗಳು, ಒಟ್ಟು 21 ಕಾರ್ಡು. ಒಂದೊಂದು ಗುಂಪಿನಿಂದ ಒಂದೊಂದು ಕಾರ್ಡನ್ನು ಯಾರೂ ನೋಡದ ಹಾಗೆ ಎತ್ತಿ ಲಕೋಟೆಗೆ ಹಾಕುತ್ತಾರೆ. ಕೊಂದವರು ಯಾರು, ಯಾವುದರಿಂದ, ಎಲ್ಲಿ ಅನ್ನುವುದಕ್ಕೆ ಅದೇ ಉತ್ತರ. ಉಳಿದ 18 ಕಾರ್ಡು ಆಡುವವರಿಗೆ ಹಂಚಿಕೆ. ಒಟ್ಟು 324 ಸಾಧ್ಯತೆಗಳಲ್ಲಿ ನಿಜವಾದ ಒಂದನ್ನು ಪ್ರಶ್ನೆ ಕೇಳಿ ಕೇಳಿಯೇ ಹುಡುಕಬೇಕು. ಪಕ್ಕದವನು ಇನ್ನೊಬ್ಬನಿಗೆ ಗುಟ್ಟಾಗಿ ಒಂದು ಕಾರ್ಡು ತೋರಿಸುತ್ತಾನೆ. ನಮಗೆ ಅದು ಕಾಣುವುದಿಲ್ಲ, ಆದರೆ ತೋರಿಸಿದ ಅನ್ನುವುದಷ್ಟು ಗೊತ್ತಾಗುತ್ತದೆ. ಅಷ್ಟರಿಂದಲೇ ಲೆಕ್ಕ ಹಾಕಬೇಕು. ಮಜಾ ಇರುವುದೇ ಅಲ್ಲಿ.

ಟೀವಿ ಕಾರ್ಯಕ್ರಮದ ಹೆಸರು ಹೊತ್ತ ಆವೃತ್ತಿಗಳು ಈ ಆಟಕ್ಕೆ ಬೇಕಾದಷ್ಟಿವೆ. 2000ದಲ್ಲಿ ಬಂದ ಈ ಸಿಂಪ್ಸನ್ಸ್ ಆವೃತ್ತಿಯಲ್ಲಿ ಸತ್ತವನು ಮಿಸ್ಟರ್ ಬರ್ನ್ಸ್. ಆಯುಧಗಳ ಪಟ್ಟಿಯಲ್ಲಿ ವಿಷದ ಡೋನಟ್, ಸ್ಯಾಕ್ಸೊಫೋನ್, ಪ್ಲುಟೋನಿಯಂ ಕಡ್ಡಿ ಎಲ್ಲ ಇವೆ. ನಗು ಬರುತ್ತದೆ, ಚೆನ್ನಾಗಿದೆ. ಇದರ ಮೇಲೆ ನನಗೇನೂ ಸಿಟ್ಟಿಲ್ಲ.

ಸಿಟ್ಟು ಇರುವುದು ಆ ಪ್ಲಾಸ್ಟಿಕ್ ಕವರಿನ ಮೇಲೆ. ಸ್ವಲ್ಪ ಯೋಚನೆ ಮಾಡಿ. ಸೀಲ್ ಒಡೆಯದ ಡಬ್ಬಿಯಲ್ಲಿ ಕೊಲೆಯೇ ಆಗಿಲ್ಲ! ಕಾರ್ಡು ಕಲೆಸಿ, ಮೂರನ್ನು ಲಕೋಟೆಗೆ ಹಾಕಿದ ಮೇಲೆ ತಾನೇ ಅಪರಾಧ ಹುಟ್ಟುವುದು? ಅಲ್ಲಿಯವರೆಗೆ ಅದು ಬಣ್ಣದ ರಟ್ಟು, ಅಷ್ಟೇ. ಕಾದಂಬರಿಯನ್ನು ಓದದೆ ಕಪಾಟಿನಲ್ಲಿಟ್ಟರೂ ಒಳಗೆ ಕಥೆ ಇದ್ದೇ ಇರುತ್ತದೆ. ಬೋರ್ಡ್ ಗೇಮಿಗೆ ಆ ಭಾಗ್ಯ ಇಲ್ಲ. ನಾಲ್ಕು ಜನ ಸುತ್ತ ಕೂರದಿದ್ದರೆ ಅದರೊಳಗೆ ಏನೂ ಇಲ್ಲ.

“ಮುಂದೆ ಒಳ್ಳೆ ಬೆಲೆ ಬರುತ್ತೆ” ಅಂತ ಗೆಳೆಯನ ವಾದ. ಹಳೆಯ ಆಟಗಳಿಗೆ ಬೆಲೆ ಬರುವುದು ಯಾಕೆ ಸ್ವಾಮಿ? ಆ ಕಾಲದ ಮಕ್ಕಳು ಅವನ್ನು ಆಡಿ, ಹರಿದು, ಕಾಯಿ ಕಳೆದು ಹಾಕಿದ್ದರಿಂದ. ಪೂರ್ತಿ ಉಳಿದದ್ದು ಕಡಿಮೆಯಾದ್ದರಿಂದ. ಅಂದರೆ ನಿಮ್ಮ ಸೀಲ್ ಡಬ್ಬಿಗೆ ಬೆಲೆ ಬರಬೇಕಾದರೆ ಬೇರೆಯವರು ತಮ್ಮದನ್ನು ಆಡಿ ಹಾಳು ಮಾಡಬೇಕು. ಎಲ್ಲರೂ ನಿಮ್ಮಷ್ಟೇ ಜಾಣರಾಗಿ ಕಪಾಟಿನಲ್ಲಿಟ್ಟರೆ? ಇದು ಆಗಿ ಹೋಗಿದೆ. 1992ರಲ್ಲಿ ‘ಸೂಪರ್‌ಮ್ಯಾನ್’ ಕಾಮಿಕ್ಸಿನಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆ ಕಪ್ಪು ಕವರಿನೊಳಗೆ ಸೀಲಾಗಿ ಬಂತು. ಲಕ್ಷಗಟ್ಟಲೆ ಜನ ಭವಿಷ್ಯದ ಆಸ್ತಿ ಅಂತ ಒಡೆಯದೆ ಇಟ್ಟರು. ಎಲ್ಲರ ಮನೆಯಲ್ಲೂ ಇರುವ ವಸ್ತು ಅಪರೂಪದ್ದು ಹೇಗಾದೀತು? ಆಸ್ತಿಯೂ ಆಗಲಿಲ್ಲ, ಒಡೆಯದವರು ಓದಿದ ಹಾಗೂ ಆಗಲಿಲ್ಲ.

ಹಾಗಂತ ಸಂಗ್ರಹ ಮಾಡುವವರೆಲ್ಲ ದಡ್ಡರು ಅಂತ ನಾನು ಹೇಳ್ತಿಲ್ಲ. ಹಳೆಯ ಆಟಗಳನ್ನು ಹುಡುಕಿ, ಕಳೆದ ಕಾಯಿ ಜೋಡಿಸಿ, ನಿಯಮದ ಪುಸ್ತಕ ಜೋಪಾನ ಮಾಡುವವರಿಗೆ ನನ್ನ ನಮಸ್ಕಾರ. ನಾವೂ ಗೊಂಬೆ ಕೂಡಿಡುವ ಜನವೇ ಅಲ್ಲವೇ. ಆದರೆ ನಮ್ಮ ಅಜ್ಜಿಯ ಪಟ್ಟದ ಗೊಂಬೆಗಳೂ ವರ್ಷಕ್ಕೊಮ್ಮೆ ದಸರೆಗೆ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದವು. ಮಕ್ಕಳ ಕೈಗೆ ಸಿಕ್ಕಿ ಮೂಗು ಮುಕ್ಕಾದರೆ ಅಜ್ಜಿ ಬೈದು, ಮುಂದಿನ ವರ್ಷ ಅದನ್ನೇ ಮತ್ತೆ ಕೂರಿಸುತ್ತಿದ್ದಳು.

ಇನ್ನೊಂದು ವಿಷಯ. ಈ ಆಟ ಹುಟ್ಟಿದ್ದು ಯಾವ ಟೀವಿ ಸ್ಟುಡಿಯೋದಲ್ಲೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಂಥನಿ ಪ್ರ್ಯಾಟ್ ಎಂಬ ಸಂಗೀತಗಾರ, ಎರಡನೇ ಮಹಾಯುದ್ಧದ ಕಾಲದಲ್ಲಿ, ಜನ ಸಂಜೆಯಾದರೆ ಮನೆಯೊಳಗೇ ಕೂರಬೇಕಾಗಿದ್ದ ದಿನಗಳಲ್ಲಿ ಇದನ್ನು ಯೋಚಿಸಿದ. ಬೋರ್ಡಿನ ಚಿತ್ರ ಬರೆದವಳು ಅವನ ಹೆಂಡತಿ ಎಲ್ವಾ. 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಯುದ್ಧಾನಂತರದ ಅಭಾವದಿಂದ ಆಟ ಅಂಗಡಿಗೆ ಬಂದದ್ದು 1949ರಲ್ಲಿ. 1953ರಲ್ಲಿ ವಿದೇಶದ ಹಕ್ಕನ್ನು ಐದು ಸಾವಿರ ಪೌಂಡಿಗೆ ಮಾರಿಬಿಟ್ಟ. ಕೋಟಿಗಟ್ಟಲೆ ಡಬ್ಬಿ ಮಾರಿದ ಮೇಲೆ, 1996ರಲ್ಲಿ, ಕಂಪನಿಯವರು ಅವನನ್ನು ಹುಡುಕಲು ಹೊರಟರೆ ಆತ 1994ರಲ್ಲೇ ತೀರಿಕೊಂಡಿದ್ದ! ಪತ್ತೇದಾರಿ ಆಟ ಕಟ್ಟಿದವನನ್ನೇ ಪತ್ತೆ ಹಚ್ಚಬೇಕಾಯಿತು.

ಕತ್ತಲಲ್ಲಿ ಮನೆಯೊಳಗೆ ಸಿಕ್ಕಿಬಿದ್ದವರಿಗಾಗಿ ಹುಟ್ಟಿದ ಆಟ ಅದು. ನಾವು ಆರು ಜನ ಕತ್ತಲಲ್ಲಿ ಮನೆಯೊಳಗೆ ಸಿಕ್ಕಿಬಿದ್ದಿದ್ದೆವು. ಆಟ ಷೋಕೇಸಿನಲ್ಲಿತ್ತು!

ಟೀವಿಯ ಅಭಿಮಾನದಿಂದ ಇಟ್ಟುಕೊಂಡಿದ್ದೀನಿ ಅನ್ನುವವರಿಗೂ ಒಂದು ಮಾತು. ‘ಮಿಸ್ಟರ್ ಬರ್ನ್ಸ್‌ಗೆ ಗುಂಡು ಹೊಡೆದವರು ಯಾರು’ ಅನ್ನುವ ಎರಡು ಭಾಗದ ಕಂತು 1995ರಲ್ಲಿ ಬಂದಿತ್ತು. ಮೊದಲ ಭಾಗ ಮೇ ತಿಂಗಳಲ್ಲಿ, ಉತ್ತರ ಸೆಪ್ಟೆಂಬರಿನಲ್ಲಿ. ನಡುವೆ ನಾಲ್ಕು ತಿಂಗಳು ನೋಡುಗರೇ ಪತ್ತೇದಾರರು. ಸುಳಿವೆಲ್ಲ ಮೊದಲ ಭಾಗದಲ್ಲೇ ಇತ್ತು. ಕೊನೆಗೆ ಗುಂಡು ಹೊಡೆದದ್ದು ಹಸುಗೂಸು ಮ್ಯಾಗಿ (ಮೂವತ್ತು ವರ್ಷ ಆಯ್ತು, ಗುಟ್ಟು ರಟ್ಟು ಮಾಡಿದೆ ಅಂತ ಬೈಬೇಡಿ!). ಬೋರ್ಡ್ ಗೇಮಿನ ಆರು ಶಂಕಿತರಲ್ಲಿ ಮ್ಯಾಗಿ ಇಲ್ಲವೇ ಇಲ್ಲ. ಉತ್ತರವನ್ನು ನೀವೇ ಹೊಸದಾಗಿ ಹುಡುಕಬೇಕು, ಪ್ರತಿ ಸಲವೂ. ಆ ಕಂತು ನೋಡುಗರನ್ನು ಯೋಚನೆಗೆ ಹಚ್ಚಿತು. ಅದರ ಅಭಿಮಾನಿ ಅಂತ ಹೇಳಿಕೊಂಡು ಡಬ್ಬಿ ನೋಡುತ್ತಾ ಕೂರುವುದು ಯಾವ ಸೀಮೆಯ ಅಭಿಮಾನ?

ಮಾರುವವರದೂ ತಪ್ಪಿದೆ. ಅದೇ ಪ್ರ್ಯಾಟನ ಅಸ್ಥಿಪಂಜರಕ್ಕೆ ಹೊಸ ಹೊಸ ಅಂಗಿ ತೊಡಿಸಿ ‘ಸಂಗ್ರಹಯೋಗ್ಯ’ ಅಂತ ಮಾರುತ್ತಾರೆ. ಕೆಲವು ಅಂಗಿ ಚೆನ್ನಾಗಿ ಒಪ್ಪುತ್ತವೆ, ಸುಳ್ಳು ಹೇಳಬಾರದು. 2017ರ ‘ಗೋಲ್ಡನ್ ಗರ್ಲ್ಸ್’ ಆವೃತ್ತಿಯಲ್ಲಿ ಕೊಲೆಯೇ ಇಲ್ಲ, ಕೊನೆಯ ಚೀಸ್‌ಕೇಕ್ ತುಂಡು ತಿಂದವರು ಯಾರು ಅನ್ನುವುದೇ ಪ್ರಶ್ನೆ. ಆ ಧಾರಾವಾಹಿ ನೋಡಿದವರಿಗೆ ಅದರ ಸೊಗಸು ಗೊತ್ತು. ಆದರೆ ಆ ಪ್ರಶ್ನೆಯನ್ನೂ ಯಾರಾದರೂ ಕೇಳಬೇಕಲ್ಲ?

ಆವತ್ತು ಗೆಳೆಯನ ಒಂಬತ್ತು ವರ್ಷದ ಮಗಳು ಡಬ್ಬಿಯ ಚಿತ್ರವನ್ನೇ ನೋಡುತ್ತಾ, “ಅಂಕಲ್, ಸಾಯಿಸಿದ್ದು ಯಾರು?” ಅಂತ ಮೆಲ್ಲಗೆ ಕೇಳಿದಳು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿರುವ ಆಟ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಅಪ್ಪನ ಹತ್ತಿರವೂ ಇರಲಿಲ್ಲ. ಕರೆಂಟು ಬಂತು, ಎಲ್ಲರೂ ಅವರವರ ಮೊಬೈಲು ಹಿಡಿದರು.

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದರೆ ಈ ಭಾನುವಾರ ಕತ್ತರಿ ತಗೊಳ್ಳಿ. ಬೆಲೆ ಬಿದ್ದುಹೋದರೆ ನನ್ನನ್ನು ಬೈಯಿರಿ. ಕೊಲೆಗಾರ ಸಿಕ್ಕರೆ ಬಂದು ಹೇಳಿ. ಏನಂತೀರಿ?