ಎಣಿಕೆ ಇಳಿದ ಮಾತ್ರಕ್ಕೆ ಹಿಂಸೆ ಇಳಿಯುವುದೇ?

ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕೊನೆಯದು. ಆಚರಣೆಯಲ್ಲಿ ಅದು ಎಲ್ಲಕ್ಕಿಂತ ಬೇಗ ಲೆಕ್ಕದ ಪುಸ್ತಕವಾಗಿಬಿಡುತ್ತದೆ. ಇಷ್ಟು ಎಕರೆ ಭೂಮಿ, ಇಷ್ಟು ತೊಲ ಬಂಗಾರ ಎಂದು ಮಿತಿ ಹಾಕಿಕೊಂಡವನು, ಎಣಿಕೆಯು ಆ ಮಿತಿಯನ್ನು ಮೀರದಿದ್ದರೆ ವ್ರತಪಾಲನೆಯಾಯಿತೆಂದು ನೆಮ್ಮದಿಯಿಂದಿರುತ್ತಾನೆ. ಆದರೆ ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ಕಂಡದ್ದು ವಸ್ತುವಿನ ಸಂಖ್ಯೆಯಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ. ಈ ಭೇದವನ್ನು ಮರೆತರೆ ವ್ರತವು ಎಂಥ ವಿಪರೀತಕ್ಕೆ ಹೋಗಬಲ್ಲದೆಂಬುದಕ್ಕೆ ಒಂದು ನಿದರ್ಶನವುಂಟು: ಮನೆಯ ಹಲವು ಕೋವಿಗಳನ್ನು ಮಾರಿ, ಅವುಗಳ ಬದಲು ಒಂದೋ ಎರಡೋ ಉತ್ತಮ ರೈಫಲ್ ಇಟ್ಟುಕೊಳ್ಳುವುದನ್ನು ಸಂಯಮವೆಂದು ಕರೆಯುವ ವಾದ.

ಈ ವಾದಕ್ಕೆ ಸಂದರ್ಭವನ್ನು ಒದಗಿಸಿದ್ದು ಕಾನೂನು. 1959ರ ಆಯುಧ ಕಾಯ್ದೆಗೆ 1983ರಲ್ಲಿ ಆದ ತಿದ್ದುಪಡಿಯಂತೆ ಒಬ್ಬ ವ್ಯಕ್ತಿ ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಎರಡಕ್ಕೆ ಇಳಿಸಿತು. ಮೊದಲು ಮಂಡಿತವಾದ ಮಸೂದೆಯಲ್ಲಿ ಒಂದೇ ಎಂದಿತ್ತು. ವಿರೋಧ ಬಂದ ಮೇಲೆ ಎರಡಾಯಿತು. ಪಿತ್ರಾರ್ಜಿತವಾಗಿ ಬಂದ ಆಯುಧಕ್ಕೂ ಈ ಮಿತಿಯೇ ಅನ್ವಯ. ಹೆಚ್ಚಿನದನ್ನು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೊಲ-ತೋಟಗಳುಳ್ಳ ಒಂದು ಹಳೆಯ ಮನೆತನವನ್ನು ಊಹಿಸಿಕೊಳ್ಳೋಣ. ಅಜ್ಜನ ಕಾಲದ ಕೇಪಿನ ಕೋವಿ, ತಂದೆ ಕೊಂಡ ಜೋಡುನಳಿಗೆ, ಹೊಲದ ಕಾವಲಿಗೆಂದು ತಂದ ಒಂಟಿನಳಿಗೆ; ಹೀಗೆ ಮೂರು. ಮಿತಿ ಬಂದಾಗ ಯಜಮಾನನು ಮೂರನ್ನೂ ಕೈಬಿಟ್ಟು, ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315 ರೈಫಲನ್ನೋ, ಆಮದಿನ ನಿರ್ಬಂಧದಿಂದ ಬೆಲೆಯೇರಿರುವ ಹಳೆಯ ವಿದೇಶಿ ರೈಫಲನ್ನೋ ಕೊಳ್ಳುತ್ತಾನೆ. "ಮೂರಿದ್ದದ್ದು ಒಂದಾಯಿತು, ಕಾನೂನಿಗೂ ಒಪ್ಪಿತು, ಧರ್ಮಕ್ಕೂ ಒಪ್ಪಿತು" ಎನ್ನುತ್ತಾನೆ. ಕಾನೂನಿಗೆ ಒಪ್ಪಿತೆಂಬುದು ನಿಜ. ಧರ್ಮಕ್ಕೆ ಒಪ್ಪಿತೇ ಎಂಬುದೇ ಪ್ರಶ್ನೆ.

ತೋಟಾ ಕೋವಿಯು ಹಿಡಿಯಷ್ಟು ಸೀಸದ ಚಿಕ್ಕ ಗುಂಡುಗಳನ್ನು ಚೆಲ್ಲುತ್ತದೆ. ಐವತ್ತು ಅರವತ್ತು ಗಜ ದಾಟಿದರೆ ಅದರ ಬಲ ಕುಂದುತ್ತದೆ. ರೈಫಲಿನ ನಳಿಗೆಯೊಳಗಣ ಸುರುಳಿಗೆರೆಗಳು ಒಂದೇ ಗುಂಡನ್ನು ತಿರುಗಿಸಿ ನೆಟ್ಟಗೆ ಕಳುಹುತ್ತವೆ. ಅದು ನೂರಾರು ಗಜದಾಚೆಗೂ ಪ್ರಾಣ ತೆಗೆಯಬಲ್ಲದು. ಉತ್ತಮ ರೈಫಲ್ ಎಂಬುದರ ಅರ್ಥವೇ ಹೆಚ್ಚು ದೂರದಿಂದ, ಹೆಚ್ಚು ನಿಶ್ಚಯವಾಗಿ ಕೊಲ್ಲಬಲ್ಲದು ಎಂದು. ಹಾಗಿರುವಾಗ ಇಳಿದದ್ದು ಎಣಿಕೆ. ಏರಿದ್ದು ಹಿಂಸೆಯ ಸಾಮರ್ಥ್ಯ. ಮಮತ್ವವಾದರೂ ಇಳಿಯಿತೇ? ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿದ್ದ ಮೂರನ್ನು ವರ್ಷಕ್ಕೊಮ್ಮೆ ಯಾರೂ ನೆನೆಯುತ್ತಿರಲಿಲ್ಲ. ಹೊಸದಕ್ಕೆ ಮಕಮಲ್ಲಿನ ಪೆಟ್ಟಿಗೆ, ಮೇಲೊಂದು ದುರ್ಬೀನು, ವಾರಕ್ಕೊಮ್ಮೆ ಎಣ್ಣೆಯ ಒರೆತ, ಬಂದ ನೆಂಟರಿಗೆಲ್ಲ ಪ್ರದರ್ಶನ. ಮೂರರಲ್ಲಿ ಹಂಚಿಹೋಗಿದ್ದ ಮೂರ್ಛೆ ಒಂದರಲ್ಲಿ ಗಟ್ಟಿಯಾಯಿತು. ಇದು ಪರಿಮಾಣವಲ್ಲ, ಪರಿಷ್ಕಾರ. ಹತ್ತು ಬೆಳ್ಳಿಯ ಬಟ್ಟಲುಗಳನ್ನು ಕರಗಿಸಿ ಒಂದು ಚಿನ್ನದ ಬಟ್ಟಲು ಮಾಡಿಸಿದವನನ್ನು ತ್ಯಾಗಿಯೆಂದು ಯಾರೂ ಕರೆಯುವುದಿಲ್ಲ.

ವಿರೋಧಿ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರವೇ ಒಪ್ಪಿದೆಯಲ್ಲ ಎಂದು ಕೆಲವರು ಹೇಳುವರು. ಒಪ್ಪಿದೆ. ಗಂಗರ ಚಾವುಂಡರಾಯ, ಹೊಯ್ಸಳರ ಗಂಗರಾಜ ಮೊದಲಾದ ಜೈನ ದಂಡನಾಯಕರು ಖಡ್ಗ ಹಿಡಿದವರೇ. ಆದರೆ ಅವರು ಹಿಡಿದ ಆಯುಧವು ರಾಜ್ಯರಕ್ಷಣೆಯ ಕರ್ತವ್ಯದ್ದು, ಮನೆಯ ಗಾಜಿನ ಬೀರುವಿನದಲ್ಲ. ಅವರನ್ನು ಸಮಾಜ ನೆನೆಯುವುದೂ ಖಡ್ಗಕ್ಕಾಗಿಯಲ್ಲ. ಒಬ್ಬನನ್ನು ಬೆಳ್ಗೊಳದ ಗೊಮ್ಮಟನಿಗಾಗಿ, ಇನ್ನೊಬ್ಬನನ್ನು ಜೀರ್ಣ ಬಸದಿಗಳ ಉದ್ಧಾರಕ್ಕಾಗಿ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವೂ ಇದನ್ನೇ ಹೇಳುತ್ತದೆ. ಚೋಳ ಇರುಂಗೋಳನ ಅಧೀನದಲ್ಲಿದ್ದ ಗಂಗೇಯನ ಮಾರೆಯನು ಅಲ್ಲಿ ಪಾರ್ಶ್ವಜಿನನ ಬಸದಿಯನ್ನು ಮಾಡಿಸಿದನೆಂದು 1232ರ ಶಾಸನ ತಿಳಿಸುತ್ತದೆ. ಆ ದುರ್ಗದ ಆಯುಧಶಾಲೆಯಲ್ಲಿ ಏನಿತ್ತೆಂದು ಇಂದು ಕೇಳುವವರಿಲ್ಲ; ಬಸದಿಯ ದತ್ತಿ ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಬೆಳೆಯ ರಕ್ಷಣೆ ಎಂಬ ಮಾತಿಗೆ ಹೆಚ್ಚಿನ ತೂಕವುಂಟು. ಕಡಲೆಕಾಯಿ ಹೊಲಕ್ಕೆ ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡು ಮಾಡುವ ಹಾನಿಯನ್ನು ಈ ಸೀಮೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊರಟಗೆರೆ, ಮಧುಗಿರಿಗಳ ಗುಡ್ಡಗಾಡಿನ ಅಂಚಿನ ಹಳ್ಳಿಗಳಲ್ಲಿ ಕರಡಿ, ಚಿರತೆಗಳ ಭಯವೂ ಸುಳ್ಳಲ್ಲ. ಆದರೆ ಇದು ಉತ್ತಮ ರೈಫಲಿಗೆ ಸಮರ್ಥನೆಯಾಗದು. ಆಯುಧ ಕಾಯ್ದೆಯು ಬೆಳೆ ರಕ್ಷಣೆಗೆಂದು ಹೆಸರಿಸಿ ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯನ್ನು. ಸದ್ದು ಮಾಡಿ ಬೆದರಿಸಲು ಅದೇ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಕರಡಿ, ಚಿರತೆ, ನವಿಲು, ಕೃಷ್ಣಮೃಗಗಳನ್ನು ಮುಟ್ಟುವಂತಿಲ್ಲ. ಹಂದಿಯನ್ನಾದರೂ ಅರಣ್ಯಾಧಿಕಾರಿಯ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಮೀಸಲು ಪ್ರದೇಶವೇ ಇದೆ. ಅಂಥ ನಾಡಿನಲ್ಲಿ ನಾಲ್ಕುನೂರು ಗಜ ದೂರಕ್ಕೆ ಗುರಿಯಿಡುವ ಸಾಧನವು ಯಾವ ಬೆಳೆಯನ್ನು ಕಾಯುತ್ತದೆ? ಬೇಲಿ, ಕಂದಕ, ಕಾವಲು, ಬೆಳೆ ಹಾನಿಗೆ ಸರ್ಕಾರದ ಪರಿಹಾರ ಇವು ಸಾಲದೆಂಬ ದೂರು ನ್ಯಾಯವಾದದ್ದು. ಆ ದೂರನ್ನು ಗಟ್ಟಿಯಾಗಿ ಹೇಳಬೇಕಾದ ಸ್ಥಳ ಅರಣ್ಯ ಇಲಾಖೆಯ ಕಚೇರಿ, ಆಯುಧದ ಅಂಗಡಿಯಲ್ಲ.

ಪ್ರಾಣಭಯದ ಮಾತಿಗೆ ಅನುಭವವೇ ಉತ್ತರ ಕೊಟ್ಟಿದೆ. ಪ್ರತಿ ಚುನಾವಣೆಯಲ್ಲೂ ಪರವಾನಗಿದಾರರು ತಮ್ಮ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಸಾಮಾನ್ಯವಾಗಿ ಹೊರಡುತ್ತದೆ. ವಾರಗಟ್ಟಲೆ ಆ ಮನೆಗಳಲ್ಲಿ ಕೋವಿಯಿರುವುದಿಲ್ಲ. ಆ ವಾರಗಳಲ್ಲಿ ಮನೆಯವರು ಉಂಡು ಮಲಗಿ ಎದ್ದಿದ್ದಾರೆ. ಹೊಲಕ್ಕೆ ಹೋಗಿ ಬಂದಿದ್ದಾರೆ. ಸರ್ಕಾರದ ಆದೇಶಕ್ಕೆ ಎರಡು ತಿಂಗಳು ಬಿಟ್ಟಿರಲು ಸಾಧ್ಯವಾದದ್ದನ್ನು ವ್ರತಕ್ಕಾಗಿ ಬಿಟ್ಟಿರಲು ಏಕೆ ಸಾಧ್ಯವಿಲ್ಲ?

ಕ್ರೀಡೆಯೆಂಬ ವಾದವನ್ನು ನ್ಯಾಯವಾಗಿ ನೋಡಬೇಕು. ಕಾಗದದ ಗುರಿಗೆ ಹೊಡೆಯುವುದರಲ್ಲಿ ಪ್ರಾಣಿವಧೆಯಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದದ್ದು ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲಿನಿಂದ, ಹತ್ತು ಮೀಟರ್ ದೂರದ ಗುರಿಗೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಪಾಯಿಂಟ್ 22 ಅಥವಾ ಏರ್ ರೈಫಲಿನಿಂದ ಅಭ್ಯಾಸ ಮಾಡುವುದನ್ನು ಎರಡರ ಮಿತಿಯಿಂದ ಕಾನೂನು ಹೊರಗಿಟ್ಟಿದೆ. ಏಕಾಗ್ರತೆಯನ್ನೇ ಬಯಸುವ ತರುಣನಿಗೆ ಆ ದಾರಿ ತೆರೆದಿದೆ. ಬೇಟೆಗೆಂದು ನಿರ್ಮಿತವಾದ ರೈಫಲನ್ನು ಮನೆಯಲ್ಲಿಟ್ಟು ಅದಕ್ಕೆ ಕ್ರೀಡೆಯ ಹೆಸರು ಕೊಡುವುದು ಆತ್ಮವಂಚನೆ.

ಇಷ್ಟಕ್ಕೂ ಗಂಭೀರವಾದ ದೋಷವು ಯಾರ ಗಣನೆಗೂ ಬಾರದೆ ಉಳಿದಿದೆ. ಮಾರಿದ ಕೋವಿಗಳು ಎಲ್ಲಿಗೆ ಹೋದವು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದು. ವಧೆಗೆ ಕಾರಣವಾಗುವ ಸಾಧನವನ್ನು ಮತ್ತೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಆಯುಧವನ್ನು ಮಾರಲು ಬಯಸುವವನು ನಲವತ್ತೈದು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೋ ಠಾಣೆಗೋ ಲಿಖಿತ ಮಾಹಿತಿ ಕೊಡಬೇಕೆಂದು ಕಾಯ್ದೆ ವಿಧಿಸಿದೆ. ಮಾರಾಟಕ್ಕೆ ಮುಂಚೆ ಕಾನೂನೇ ಒಂದೂವರೆ ತಿಂಗಳು ತಡೆದು ನಿಲ್ಲಿಸುವ ವ್ಯವಹಾರದಲ್ಲಿ ಶ್ರಾವಕನು ಒಂದು ಗಳಿಗೆಯೂ ನಿಂತು ಯೋಚಿಸದಿದ್ದರೆ ಅವನ ವ್ರತವು ಕಾನೂನಿಗಿಂತ ಕೆಳಗಿಳಿಯಿತೆಂದೇ ಅರ್ಥ. ತನ್ನ ಮನೆಯಿಂದ ಹಿಂಸೆಯ ಸಾಧನವನ್ನು ಹೊರಹಾಕಿ, ಬೆಲೆ ಪಡೆದು ಮತ್ತೊಂದು ಮನೆಗೆ ಸೇರಿಸಿದವನು ಅದರ ಸ್ಥಳವನ್ನು ಬದಲಿಸಿದ್ದಾನೆಯೇ ಹೊರತು ತ್ಯಜಿಸಿಲ್ಲ. ಠಾಣೆಗೆ ಒಪ್ಪಿಸಿದವನ ಸ್ಥಿತಿ ಬೇರೆ. ಅವನಿಗೆ ಬೆಲೆಯ ಆಸೆಯೂ ಇಲ್ಲ, ಇನ್ನೊಬ್ಬನ ಕೈಗೆ ಕೊಡುವ ಸಂಕಲ್ಪವೂ ಇಲ್ಲ.

ಬಸದಿಗಳ ಆಡಳಿತ ಸಮಿತಿಗಳೂ ಇಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಇಂಥ ಮಾರಾಟದ ಹಣವು ಜೀರ್ಣೋದ್ಧಾರದ ದೇಣಿಗೆಯಾಗಿ ಬಂದರೆ ಅದನ್ನು ಸ್ವೀಕರಿಸಿ ಅಮೃತಶಿಲೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಬೇಕೇ? ವಿಗ್ರಹಗಳ ಕಳವಿನ ಭಯವೆಂದು ಬಸದಿಯ ಬಾಗಿಲಲ್ಲಿ ಕೋವಿ ಹಿಡಿದವನನ್ನು ನಿಲ್ಲಿಸಬೇಕೇ? ವಿಗ್ರಹಗಳನ್ನು 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೋಂದಾಯಿಸುವುದು, ಛಾಯಾಚಿತ್ರ ತೆಗೆಸಿಡುವುದು, ಗಟ್ಟಿ ಬಾಗಿಲು, ರಾತ್ರಿಯ ದೀಪ, ಸರದಿಯ ಕಾವಲು ಇವೆಲ್ಲವನ್ನೂ ಮಾಡಿ ಮುಗಿಸಿದ ಸಮಿತಿಗೆ ಮಾತ್ರ ಇನ್ನೊಂದು ಉಪಾಯವನ್ನು ಕೇಳುವ ಹಕ್ಕುಂಟು. ಮಧುಗಿರಿಯ ಮಲ್ಲಿನಾಥ ಸ್ವಾಮಿಯ ಬಸದಿ ಆ ಏಕಶಿಲಾ ದುರ್ಗದ ತಪ್ಪಲಿನಲ್ಲಿದೆ. ಮೇಲಿನ ಕೋಟೆ ಎಷ್ಟೋ ಸೇನೆಗಳ ಕೈ ಬದಲಾಯಿಸಿ ಇಂದು ಬರಿದಾಗಿ ನಿಂತಿದೆ; ಕೆಳಗಿನ ಬಸದಿಯಲ್ಲಿ ಪೂಜೆ ನಡೆದಿದೆ. ಯಾವುದು ಯಾವುದನ್ನು ಕಾಯಿತೆಂದು ಸಮಿತಿಯವರು ಆಲೋಚಿಸಲಿ.

ಮಾರ್ಗವು ಕಠಿಣವೂ ಅಲ್ಲ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಐದು ವರ್ಷವಾಗಿದೆ. ನವೀಕರಣದ ದಿನ ಬಂದಾಗ, ಯಾವ ರೈಫಲ್ ಉತ್ತಮವೆಂದು ಕೇಳುವ ಬದಲು, ಯಾವ ನಿಜವಾದ ಅಗತ್ಯಕ್ಕೆ ಇದು ಬೇಕೆಂದು ಗೃಹಸ್ಥನು ತನ್ನನ್ನು ಕೇಳಿಕೊಳ್ಳಬೇಕು. ಕಾಡಂಚಿನ ಹೊಲದವನಿಗೆ ಹಳೆಯ ಕೇಪಿನ ಕೋವಿಯೊಂದು ಅನಿವಾರ್ಯವೆನಿಸಿದರೆ ಅದನ್ನು ದುಃಖದಿಂದ, ಮಿತಿಯಿಂದ, ಹೆಮ್ಮೆಯಿಲ್ಲದೆ ಇಟ್ಟುಕೊಳ್ಳಲಿ. ಉತ್ತಮ ರೈಫಲಿಗಿಂತ ಆ ಕೀಳು ಕೋವಿಯೇ ವ್ರತಕ್ಕೆ ಹತ್ತಿರ. ಉತ್ತರ ಸಿಗದವನು ತಾನೇ ಅರ್ಜಿ ಕೊಟ್ಟು ಪರವಾನಗಿಯನ್ನು ರದ್ದು ಮಾಡಿಸಿಕೊಳ್ಳಬಹುದು. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯವನ್ನು ಪೂಜಿಸುವ ಸಮಾಜಕ್ಕೆ 'ಉತ್ತಮ' ಎಂಬ ಶಬ್ದವು ಯಾವುದರ ಮುಂದೆ ಸೇರಬೇಕೆಂಬುದು ತಿಳಿಯದ್ದಲ್ಲ. ಅದು ಆಕಿಂಚನ್ಯದ ಮುಂದೆ ಸೇರಲಿ, ರೈಫಲಿನ ಮುಂದಲ್ಲ.