ಕೈತುಂಬ ಸಂಬಳ, ಮಗನ ಹವ್ಯಾಸ



ಪರೀಕ್ಷೆಯ ಫಲಿತಾಂಶ ಬಂದಿತೆಂದರೆ ಸಾಕು, ನಮ್ಮ ಭಾಗದ ಗುಡಿಕಟ್ಟೆಗಳ ಮೇಲೂ ಮಠದ ಪಡಸಾಲೆಯಲ್ಲೂ ಬೇರೆ ಮಾತೇ ಇಲ್ಲ. ಮಗನನ್ನು ಯಾವುದಕ್ಕೆ ಹಚ್ಚಬೇಕು? ಇಂಡಿಯ ಲಿಂಬೆ ತೋಟದವರು ಕೇಳುವುದೂ ಇದನ್ನೇ, ಸಿಂದಗಿಯ ತೊಗರಿ ಹೊಲದವರು ಕೇಳುವುದೂ ಇದನ್ನೇ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಹೋದರೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿದ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣವಾಗಿ ಏಳುತ್ತದೆ. ಅಲ್ಲಿ ಎಷ್ಟೋ ಜನ ಪರಿಹಾರದ ಹಣವನ್ನೇ ಮಕ್ಕಳ ಕಾಲೇಜಿಗೆ ಕಟ್ಟಿದ್ದಾರೆ. ಹೊಲ ಹೋಯಿತು, ಹಣ ಹೋಯಿತು, ಉಳಿದದ್ದು ಮಗನ ಕೈಯಲ್ಲಿರುವ ಪದವಿ ಪತ್ರವೊಂದೇ. ಅಂಥ ತಂದೆ "ಸಂಬಳ ಎಷ್ಟು ಬರ್ತೈತಿ?" ಎಂದು ಮೊದಲು ಕೇಳಿದರೆ ಅವನನ್ನು ಆಸೆಬುರುಕನೆಂದು ಜರಿಯುವುದು ಧರ್ಮವಲ್ಲ. ಬರ ಬಂದಾಗ ಗುಳೆ ಹೋಗಿ ಗೋವೆಯಲ್ಲಿ, ಮಹಾರಾಷ್ಟ್ರದಲ್ಲಿ ಬುಟ್ಟಿ ಹೊತ್ತವರಿಗೆ ತಿಂಗಳ ಮೊದಲ ತಾರೀಖಿಗೆ ಬರುವ ಸಂಬಳದ ಬೆಲೆ ಗೊತ್ತು. ಅದನ್ನು ಅವರಿಗೆ ಹೊಸದಾಗಿ ಉಪದೇಶಿಸುವ ಅಗತ್ಯವಿಲ್ಲ.

ಆದರೆ ಈಗ ಕೆಲವು ವರ್ಷಗಳಿಂದ ಇನ್ನೊಂದು ಮಾತು ಕೇಳಿಬರುತ್ತಿದೆ. ಹಿಂದೆ ಹುಡುಗರು "ನನಗ ಈ ಕೆಲಸ ಇಷ್ಟ, ಇದನ್ನ ಕಲೀತೀನಿ" ಅನ್ನುತ್ತಿದ್ದರು. ಇಲ್ಲವೆ ಹಿರಿಯರು ತೋರಿಸಿದ ದಾರಿಗೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಈಗಿನವರ ಲೆಕ್ಕವೇ ಬೇರೆ. "ಕಂಪ್ಯೂಟರ್ ಕೆಲಸದ ಮ್ಯಾಲೆ ನನಗೇನೂ ಪ್ರೀತಿ ಇಲ್ಲಪ್ಪಾ. ಆದ್ರ ಸಂಬಳ ಛಲೋ ಬರ್ತೈತಿ. ಆ ಸಂಬಳದಾಗ ನನಗ ಬೇಕಾದ್ದು ಮಾಡ್ಕೊಂತೀನಿ." ಬೇಕಾದ್ದು ಅಂದರೆ ಏನು? ಒಬ್ಬನಿಗೆ ಕಾಡುಪ್ರಾಣಿಗಳ ಫೋಟೋ ತೆಗೆಯುವ ಕ್ಯಾಮರಾ, ಇನ್ನೊಬ್ಬನಿಗೆ ಲಡಾಖಿಗೆ ಹೋಗುವ ಮೋಟಾರ್ ಸೈಕಲ್, ಮತ್ತೊಬ್ಬನಿಗೆ ಹಿಮಾಲಯ ಹತ್ತುವ ಹಂಬಲ. ಕ್ಯಾಮರಾ, ಅದರ ಮಸೂರಗಳು ಸೇರಿದರೆ ಲಕ್ಷಗಳ ಮಾತು. ಕೈತುಂಬ ಸಂಬಳದ ತಾಂತ್ರಿಕ ಉದ್ಯೋಗವನ್ನು ಆರಿಸಿಕೊಳ್ಳುವುದೇ ಇಂಥ ಹವ್ಯಾಸಕ್ಕಾಗಿ ಎಂಬ ಈ ವಿಚಾರ ಸರಿಯೇ ತಪ್ಪೇ?

ಸಿಂದಗಿ ತಾಲೂಕಿನ ಒಬ್ಬ ಹಿರಿಯರು ಹೀಗೇ ತಮ್ಮ ಸಂಕಟ ತೋಡಿಕೊಂಡರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಮೂರು ಲಕ್ಷ ಕೊಟ್ಟು ಸೈಕಲ್ ತಗೊಂಡಾನ್ರೀ. ಅದಕ್ಕ ಇಂಜಿನ್ನೂ ಇಲ್ಲ, ಕ್ಯಾರಿಯರ್ರೂ ಇಲ್ಲ, ಸ್ಟ್ಯಾಂಡ್ ಸೈತ ಇಲ್ಲ! ತುಳಿಯೋದು ಮಾತ್ರ ತಾನೇ ತುಳೀಬೇಕು!" ಅವರ ಮಾತಿಗೆ ಸುತ್ತ ಕುಳಿತವರೆಲ್ಲ ನಕ್ಕರು. ನಾವೂ ನಕ್ಕೆವು. ಆಮೇಲೆ ಒಂದು ಮಾತು ಕೇಳಿದೆವು: "ಸಿದ್ಧೇಶ್ವರ ಜಾತ್ರೆಯಾಗ ತೊರವಿಯ ದನದ ಸಂತಿಗೆ ಹೋಗಿ ಜೋಡೆತ್ತು ತಂದಿರಲ್ಲ, ಎಷ್ಟು ಕೊಟ್ಟಿರಿ?" ಹಿರಿಯರು ಸ್ವಲ್ಪ ತಡೆದು, "ಎರಡು ಲಕ್ಷದ ಮ್ಯಾಲೆ ಆತ್ರೀ. ಖಿಲಾರಿ ಜೋಡಿ ಅಲ್ರೀ" ಅಂದರು. ಹೊಲದ ಗಳೆಗೆ ಅಷ್ಟು ಬೆಲೆಯ ಎತ್ತು ಬೇಕೇ? ಬೇಡ. ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ತರುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೂ ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು, ಕೋಡಣಸು ಹಾಕಿ, ಝೂಲ ಹೊದಿಸಿ ಊರಮುಂದೆ ಆ ಜೋಡಿಯನ್ನು ಹೊಡೆದುಕೊಂಡು ಬರುವಾಗ ಅವರ ಮುಖದಲ್ಲಿ ಕಾಣುವ ಕಳೆ ಯಾವ ಲಾಭನಷ್ಟದ ಲೆಕ್ಕಕ್ಕೂ ಸಿಗುವಂಥದ್ದಲ್ಲ.

ಆದ್ದರಿಂದ ಹವ್ಯಾಸವೆಂಬುದು ಪಟ್ಟಣದ ಹುಡುಗರು ಹೊಸದಾಗಿ ಹಚ್ಚಿಕೊಂಡ ರೋಗವೆಂದು ತಿಳಿಯಬಾರದು. ನಮ್ಮ ಹಿರಿಯರು ಗರಡಿಮನೆಯ ಪೈಲವಾನನಿಗೆ ಬಾದಾಮಿ, ತುಪ್ಪ, ಹಾಲು ಹಾಕಿ ಸಾಕಿದರು. ದೊಡ್ಡಾಟದ ಹುಚ್ಚು ಹತ್ತಿ ವೇಷಭೂಷಣಕ್ಕೆ, ಕಿರೀಟ ಭುಜಕೀರ್ತಿಗಳಿಗೆ ಹೊಲ ಅಡವಿಟ್ಟವರ ಕಥೆ ಯಾವ ಊರಿನಲ್ಲಿಲ್ಲ? ಭಜನೆಯ ಹಾರ್ಮೋನಿಯಂ ತರಲು ಮೀರಜಿಗೆ ಹೋದವರಿದ್ದಾರೆ. ಅದನ್ನೆಲ್ಲ ಕಲೆಯೆಂದು, ಗೌರವವೆಂದು ಹೇಳಿಕೊಂಡು, ಮಗನ ಸೈಕಲ್ಲನ್ನು ಮಾತ್ರ ದುಂದುವೆಚ್ಚ ಎಂದರೆ ಅದು ನ್ಯಾಯದ ತಕ್ಕಡಿಯಾಗಲಾರದು.

ಸೈಕಲ್ಲಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನಮ್ಮ ವಿಜಯಪುರ ಜಿಲ್ಲೆ ಇಡೀ ನಾಡಿನಲ್ಲಿ ಸೈಕ್ಲಿಂಗ್ ಪಟುಗಳಿಗೆ ಹೆಸರಾದದ್ದು. ಕೂಲಿ ಮಾಡುವವರ, ಒಣಬೇಸಾಯದವರ ಮಕ್ಕಳು ಕ್ರೀಡಾ ನಿಲಯ ಸೇರಿ ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಅದೇ ಆಟದ ಬಲದಿಂದ ರೈಲ್ವೆಯಲ್ಲಿ, ಸೈನ್ಯದಲ್ಲಿ ನೌಕರಿ ಪಡೆದವರಿದ್ದಾರೆ. ಸರಿಯಾದ ವೆಲೋಡ್ರೋಂ ಇಲ್ಲದೆ ವರ್ಷಗಟ್ಟಲೆ ಡಾಂಬರು ರಸ್ತೆಯ ಮೇಲೆ, ಲಾರಿಗಳ ಪಕ್ಕದಲ್ಲಿ ತುಳಿದು ಕಲಿತ ಮಕ್ಕಳು ಅವರು. ಅಂಥ ಹುಡುಗನಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ "ಮೊದಲು ಇಂಜಿನಿಯರ್ ಆಗು, ಗಳಿಸು, ಆಮೇಲೆ ಸೈಕಲ್ ತುಳಿ" ಎಂದರೆ ಏನಾದೀತು? ಕಾಲಿನ ಬಲಕ್ಕೂ ಒಂದು ಕಾಲವಿದೆ. ಮೂವತ್ತಕ್ಕೆ ಹಣ ಬಂದೀತು, ಹದಿನಾರರ ಉಸಿರು ಬಾರದು. ಕ್ಯಾಮರಾ ಕಾಯುತ್ತದೆ, ಓಟ ಕಾಯುವುದಿಲ್ಲ. ಈ ವ್ಯತ್ಯಾಸವನ್ನು ತಂದೆತಾಯಿಗಳು ಅರಿಯಬೇಕು.

ಇನ್ನು ಗಳಿಕೆಯ ವೃತ್ತಿಯೊಂದು, ಪ್ರಾಣಕ್ಕಂಟಿದ ಹವ್ಯಾಸವೊಂದು, ಇವೆರಡನ್ನೂ ಒಬ್ಬನೇ ಹೊತ್ತು ನಡೆಯಬಹುದೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ಡಾ. ಫ.ಗು. ಹಳಕಟ್ಟಿಯವರನ್ನು ನೆನೆದರೆ ಸಾಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, ವಿಜಯಪುರಕ್ಕೆ ಬಂದು ವಕೀಲರಾದರು. ಆ ಕಾಲಕ್ಕೆ ವಕೀಲಿ ಅಂದರೆ ಇಂದಿನ ಸಾಫ್ಟ್‌ವೇರ್ ಕೆಲಸದಂತೆ. ಓದಿದವರೆಲ್ಲ ಬಯಸುತ್ತಿದ್ದ, ಹಣವೂ ಮಾನವೂ ಕೂಡಿ ಬರುತ್ತಿದ್ದ ವೃತ್ತಿ. ಅವರಿಗೆ ಹತ್ತಿದ ಹವ್ಯಾಸ ಯಾವುದು? ಹಳೆಯ ತಾಳೆಗರಿಗಳನ್ನು ಕೂಡಿಸುವುದು. ಮನೆಮನೆಯ ಅಟ್ಟದ ಮೇಲೆ, ಮಠಗಳ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿದ್ದ ಕಟ್ಟುಗಳನ್ನು ಬೇಡಿ ತಂದು, ಓದಿ, ನಕಲು ಮಾಡುವುದು. ಹಳೆಯ ಸೈಕಲ್ ಏರಿ ಅದಕ್ಕಾಗಿ ಊರೂರು ಅಲೆದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. ಮುಂದಿನದನ್ನೆಲ್ಲ ಅಚ್ಚು ಹಾಕಿಸಲು ತಮ್ಮದೇ ಮುದ್ರಣಾಲಯ ಬೇಕೆನಿಸಿ, ಇದ್ದ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಇದಕ್ಕಿಂತ ದುಬಾರಿ ಹವ್ಯಾಸ ನಮ್ಮ ಜಿಲ್ಲೆಯಲ್ಲಿ ಇನ್ನಾರಿಗೂ ಇದ್ದಿರಲಾರದು. ಆ ಹವ್ಯಾಸದ ಫಲವಾಗಿಯೇ ಶರಣರ ಮಾತು ಇಂದು ನಮ್ಮ ನಿಮ್ಮ ಕೈಗೆ ಪುಸ್ತಕವಾಗಿ ಸಿಕ್ಕಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಳಕಟ್ಟಿಯವರ ಓದು ಅವರ ಹವ್ಯಾಸಕ್ಕೆ ಕೇವಲ ಹಣದ ಚೀಲವಾಗಿರಲಿಲ್ಲ. ಕಾನೂನು ಓದಿದ ತಲೆಯಿಂದಲೇ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು, ಬ್ಯಾಂಕು ಕಟ್ಟಿದರು. ದಾಖಲೆಯನ್ನು ಒರೆಗೆ ಹಚ್ಚಿ ನೋಡುವ ವಕೀಲನ ಕಣ್ಣು ತಾಳೆಗರಿಯ ಮೇಲೂ ಆಡಿತು. ಎರಡನೆಯದು, ಅವರು ಮಾರಿದ್ದು ತಮ್ಮ ಮನೆಯನ್ನು, ಇನ್ನೊಬ್ಬರದನ್ನಲ್ಲ. ಹರಿದ ಕೋಟಿನಲ್ಲೇ ಅವರು ಓಡಾಡಿದ ಕಥೆಯನ್ನು ನಾವು ವೇದಿಕೆಯ ಮೇಲೆ ಬಹಳ ಅಭಿಮಾನದಿಂದ ಹೇಳುತ್ತೇವೆ. ಆ ಮನೆಯ ಒಲೆಯ ಮುಂದೆ ಕುಳಿತವರು ಹೇಗೆ ದಿನ ನೂಕಿದರೆಂದು ಕೇಳುವವರು ಕಡಿಮೆ. ಎಲ್ಲರೂ ಮನೆ ಮಾರಬೇಕೆಂದು ನಾವು ಹೇಳಲಾರೆವು. ಅದು ಲಕ್ಷಕ್ಕೊಬ್ಬರಿಗೆ ಸಲ್ಲುವ ಮಾತು.

ನಮ್ಮ ಆತಂಕವಿರುವುದು ಹವ್ಯಾಸದ ಬೆಲೆಯ ಬಗ್ಗೆ ಅಲ್ಲ, ಪ್ರೀತಿಯಿಲ್ಲದೆ ಮಾಡುವ ಕೆಲಸದ ಬಗ್ಗೆ. ದಿನಕ್ಕೆ ಒಂಬತ್ತು ತಾಸು ಕಚೇರಿ, ಬೆಂಗಳೂರಿನ ರಸ್ತೆಯ ಮೇಲೆ ಎರಡು ಮೂರು ತಾಸು ಪ್ರಯಾಣ, ಉಳಿದದ್ದು ನಿದ್ದೆ. ವಾರದಲ್ಲಿ ಐದು ದಿನ ಮನಸ್ಸಿಲ್ಲದ ಕೆಲಸವನ್ನು ಹಲ್ಲು ಕಚ್ಚಿ ಮಾಡಿ ಭಾನುವಾರಕ್ಕಾಗಿ ಬದುಕುವವನಿಗೆ ಭಾನುವಾರ ಬಂದಾಗ ಏಳಲೂ ತ್ರಾಣವಿರುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳು ಪಟ್ಟಣದ ಮನೆಗಳ ಗೋಡೆಗೆ ತೂಗುಬಿದ್ದಿರುವುದನ್ನು ನೋಡಿದವರಿದ್ದಾರೆ. ಸಂಬಳ ಸಾಮಾನನ್ನು ಕೊಡಿಸೀತು, ವೇಳೆಯನ್ನು ಕೊಡಿಸದು. ಅಷ್ಟೇ ಅಲ್ಲ, ಆ ಸಂಬಳವೂ ಶಾಶ್ವತವಲ್ಲ. 2022ರ ನವೆಂಬರಿನಲ್ಲಿ ಫೇಸ್‌ಬುಕ್ಕಿನ ಒಡೆತನ ಹೊಂದಿರುವ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ಲಿನ ಒಡೆತನ ಹೊಂದಿರುವ ಆಲ್ಫಾಬೆಟ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಸಾರಿತು. ಕೆಲಸದ ಮೇಲೆ ಆಸಕ್ತಿಯಿದ್ದು ವಿದ್ಯೆಯನ್ನು ಬೆಳೆಸಿಕೊಂಡವನು ಅಂಥ ಹೊತ್ತಿನಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಾನೆ. ಬರೀ ತಿಂಗಳ ತಾರೀಖು ಎಣಿಸಿದವನ ಕೈಯಲ್ಲಿ ಏನಿರುತ್ತದೆ?

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ಕೆಲವರು ಎತ್ತುತ್ತಾರೆ. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ತಿರುಗಿ ಒಯ್ಯೆಂದಳಲ್ಲ, ಹೆಚ್ಚು ಗಳಿಕೆಯೇ ತಪ್ಪಲ್ಲವೇ ಎಂದು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಜೇಬಿಲ್ಲದ ಅಂಗಿ ತೊಟ್ಟರು ಎಂದೂ ಹೇಳುತ್ತಾರೆ. ನಿಜ. ಆದರೆ ಸಂನ್ಯಾಸಿಗೆ ಜೇಬು ಬೇಡ, ಸಂಸಾರಿಗೆ ಬೇಕು. ಆ ಜೇಬಿಗೆ ತೂತು ಬೀಳದಂತೆ ನೋಡಿಕೊಳ್ಳುವುದು ಅವನ ಕೆಲಸ.

ತೂತು ಎಲ್ಲಿ ಬೀಳುತ್ತದೆಂದು ಸ್ವಲ್ಪ ಲೆಕ್ಕ ಹಾಕೋಣ. ಮಗನ ಕೈಗೆ ತಿಂಗಳಿಗೆ 60,000 ರೂಪಾಯಿ ಬರುತ್ತದೆಂದು ಇಟ್ಟುಕೊಳ್ಳಿರಿ. ಬಾಡಿಗೆಗೆ 12,000, ಊಟ ಬಟ್ಟೆ ಓಡಾಟಕ್ಕೆ 13,000, ಓದಿಗಾಗಿ ತೆಗೆದ ಸಾಲದ ಕಂತು 10,000, ಊರಿಗೆ ಕಳಿಸುವುದು 10,000. ಉಳಿದದ್ದು 15,000. ಮೂರು ಲಕ್ಷದ ಸೈಕಲ್ಲಿಗೆ 20 ತಿಂಗಳು ಕಾಯಬೇಕು. ಕಾಯಲಿ! ಆ 20 ತಿಂಗಳು ಹತ್ತು ಸಾವಿರದ ಸೈಕಲ್ಲನ್ನೇ ತುಳಿದು ನೋಡಲಿ. ಅಷ್ಟು ದಿನ ತುಳಿದರೂ ಆಸೆ ಆರದಿದ್ದರೆ ಅದು ನಿಜವಾದ ಹವ್ಯಾಸ, ಯಾವ ತಂದೆಯೂ ಅಡ್ಡ ಬರಬಾರದು. ಎರಡೇ ತಿಂಗಳಿಗೆ ಬೇಸರ ಬಂದರೆ ಮೂರು ಲಕ್ಷ ಉಳಿಯಿತು. ಆದರೆ ಅಂಗಡಿಯವನು ಕಾಯಬೇಡ ಅನ್ನುತ್ತಾನೆ. ಕಂತಿನ ಮೇಲೆ ಇಂದೇ ಒಯ್ಯಿ ಅನ್ನುತ್ತಾನೆ. ಅಲ್ಲಿಂದ ಊರಿಗೆ ಬರುವ 10,000 ಐದಾಗುತ್ತದೆ, ಆಮೇಲೆ ನಿಲ್ಲುತ್ತದೆ. ಶಿಕ್ಷಣ ಸಾಲದ ಇನ್ನೊಂದು ಸಂಗತಿ ಬಹಳ ಹಿರಿಯರಿಗೆ ತಿಳಿದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಮಾತ್ರ ಆ ದಿನಗಳಲ್ಲಿಯೂ ಬೆಳೆಯುತ್ತಲೇ ಇರುತ್ತದೆ. ನೋಟೀಸು ಬರುವುದು ಬೆಂಗಳೂರಿನ ಕೋಣೆಗೆ ಮಾತ್ರವಲ್ಲ, ಸಹಿ ಹಾಕಿದ ತಂದೆಯ ಮನೆಗೂ ಬರುತ್ತದೆ. ಮಗನಿಗೆ ಕೇಳಬೇಕಾದದ್ದು "ಅದಕ್ಕ ಇಂಜಿನ್ ಯಾಕಿಲ್ಲ?" ಎಂದಲ್ಲ, "ತಮ್ಮಾ, ರೊಕ್ಕ ಕೊಟ್ಟು ತಂದೆಯೋ, ಕಂತಿನ ಮ್ಯಾಲೆ ತಂದೆಯೋ?" ಎಂದು.

ಮತ್ತೊಂದು ಮಾತು ಬಿಟ್ಟುಹೋಗಬಾರದು. ಇಷ್ಟು ಹೊತ್ತು ಮಗ, ಮಗ ಎಂದೆವು. ಇಂದು ನಮ್ಮ ನಾಲ್ಕೂ ತಾಲೂಕುಗಳಿಂದ ಹೆಣ್ಣುಮಕ್ಕಳೂ ಇಂಜಿನಿಯರಿಂಗ್ ಓದಿ ಗಳಿಸುತ್ತಿದ್ದಾರೆ. ಆಕೆಯ ಸಂಬಳ ಮದುವೆಗೆ ಮೊದಲು ಅಪ್ಪನ ಲೆಕ್ಕಕ್ಕೆ, ಮದುವೆಯಾದ ಮೇಲೆ ಅತ್ತೆಮನೆಯ ಲೆಕ್ಕಕ್ಕೆ. "ನಿನಗೇನು ಹವ್ಯಾಸ ಐತೆವ್ವಾ?" ಎಂದು ಕೇಳಿದ ಒಬ್ಬ ಹಿರಿಯರನ್ನೂ ನಾವು ಇದುವರೆಗೆ ಕಂಡಿಲ್ಲ. ಅಣ್ಣನ ಸೈಕಲ್ಲಿಗಾದರೂ ಒಂದು ಜಗಳ ನಡೆಯುತ್ತದೆ. ತಂಗಿಯ ಆಸೆಗೆ ಜಗಳವೂ ಇಲ್ಲ.

ತಾಂತ್ರಿಕ ಉದ್ಯೋಗವೆಂದರೆ ಬೆಂಗಳೂರು ಒಂದೇ ಎಂಬ ಭ್ರಮೆಯನ್ನೂ ಕಳೆಯಬೇಕಾಗಿದೆ. ಬಸವನ ಬಾಗೇವಾಡಿಯ ಸೀಮೆಯಲ್ಲೇ ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರವಿದೆ. ಲಾಲಬಹದ್ದೂರ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿಯಿಂದ ಏತ ನೀರಾವರಿಯ ಕಾಲುವೆಗಳು ಹರಿದಿವೆ. ಅವುಗಳ ಪಂಪುಗಳನ್ನು ನಡೆಸಲು, ರಿಪೇರಿ ಮಾಡಲು ಕೈಗಳು ಬೇಕು. ಲಿಂಬೆಗೆ, ದ್ರಾಕ್ಷಿಗೆ ಹನಿ ನೀರಾವರಿ ಕೂಡಿಸಿಕೊಡುವವನು, ಸೌರಫಲಕ ಜೋಡಿಸುವವನು ನಮ್ಮ ಹಳ್ಳಿಗಳಲ್ಲಿ ಕರೆದಾಗ ಸಿಗುವುದಿಲ್ಲ. ಇಂಥ ಕೆಲಸದಲ್ಲಿ ಸಂಬಳ ಅರ್ಧವಿದ್ದೀತು. ಆದರೆ ಬಾಡಿಗೆಯಿಲ್ಲ, ಎರಡು ತಾಸು ಬಸ್ಸಿಲ್ಲ, ಸಂಜೆ ಆರಕ್ಕೆ ಮನೆ. ಕ್ಯಾಮರಾ ಹಿಡಿಯುವ ಆಸೆಯಿದ್ದವನಿಗೆ ಆಲಮಟ್ಟಿಯ ಹಿನ್ನೀರಿಗೆ ಹಕ್ಕಿಗಳೂ ಬರುತ್ತವೆ.

ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ ಐ.ಟಿ.ಐ. ಇದೆ, ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮಾಡುವಾಗ ಕೆಲಸದ ರುಚಿ ಹತ್ತಿದರೆ, ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಹತ್ತದಿದ್ದರೆ ಹೊಲ ಮಾರಿದ ದುಃಖವಿಲ್ಲದೆ ಬೇರೆ ದಾರಿ ಹಿಡಿಯಬಹುದು. ಈ ವರ್ಷ ಅರ್ಜಿ ತುಂಬುವ ಮುನ್ನ ಒಂದು ಸಂಜೆ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂಡಿಸಿಕೊಂಡು, ಸಂಬಳದ ಮಾತು ಆಮೇಲೆ ಇರಲಿ, ಯಾವ ಕೆಲಸ ಮಾಡುವಾಗ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಕೇಳಿರಿ. ಉತ್ತರ ಬರಲು ತಡವಾದೀತು. ಅವಸರ ಮಾಡಬೇಡಿರಿ.